ಆತಕೂರಿನ ನೆಲೆಯೂ ಜನವೂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಶಿಂಷಾ ನದಿಯ ದಡದಲ್ಲಿರುವ ಮದ್ದೂರನ್ನು ಅರಿಯದವರು ವಿರಳ. ಆ ತಾಲ್ಲೂಕಿಗೆ ಸೇರಿ, ತನ್ನ ಹೆಸರಿನಲ್ಲಿಯೇ ಒಂದು ಹೋಬಳಿಯನ್ನುಳ್ಳ ಆತಗೂರನ್ನು ಅರಿತವರಾದರೋ ಅಷ್ಟು ಮಂದಿಯಿಲ್ಲ. ಶಾಸನಗಳನ್ನು ಅಭ್ಯಸಿಸುವವರಿಗೆ ಮಾತ್ರ ಅದು ಆತಕೂರೆಂದು ಸುಪರಿಚಿತವಾಗಿರುವುದು.

ಶಕ ವರ್ಷ 872ರ, ಎಂದರೆ ಕ್ರಿ.ಶ. 949-50ರ ಇಲ್ಲಿಯ ಶಿಲಾಶಾಸನವು ತಕ್ಕೋಲದ ಯುದ್ಧವನ್ನು ಹೇಳುವುದು. ಅಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ನಿಂತ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಸೇವಕನಾದ ಮಣಲೇರನ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆನ್ನಲು, ಅವನು ಬೇಡಿದುದು ಕಾಳಿಯೆಂಬ ನಾಯಿಯನ್ನು! ಕೆಳಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಹೆಬ್ಬಂದಿಯ ಮೇಲೆ ಬಿಡಲಾಗಿ, ಹಂದಿಯೂ ನಾಯಿಯೂ ಒಡನೆ ಸತ್ತವು. ಕಲ್ಲಿನ ಮೇಲ್ಭಾಗದಲ್ಲಿ ಆ ಹೋರಾಟವೇ ಕೆತ್ತಲ್ಪಟ್ಟಿದೆ.

ಈ ಕಥೆಯನ್ನು ಎಲ್ಲರೂ ಹೇಳುವರು. ಊರಿನ ವಿಷಯವನ್ನು ಕೇಳುವವರು ಕಡಮೆ. ಬೂತುಗನು ಮಣಲೇರನಿಗೆ ಬೆಳ್ವೊಲದ ಕಾಡಿಯೂರಿನೊಡನೆ ಆತಕೂರು ಹನ್ನೆರಡನ್ನು ಕೊಟ್ಟನೆಂದು ಶಾಸನವು ತಿಳಿಸುವುದು. ನಾಡುಗಳ ಹೆಸರಿನ ಮುಂದಣ ಸಂಖ್ಯೆಗಳು ಗ್ರಾಮಗಳ ಲೆಕ್ಕವೋ ಕಂದಾಯದ ಲೆಕ್ಕವೋ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಬನವಾಸಿ ಹನ್ನೆರಡು ಸಾಸಿರದಂಥ ಮಹಾಸಂಖ್ಯೆಯ ಮಾತು ಹೇಗಾದರೂ ಇರಲಿ, ಹನ್ನೆರಡನ್ನು ಹಳ್ಳಿಗಳೆಂದು ಎಣಿಸುವುದಕ್ಕೆ ನನಗೆ ಅಡ್ಡಿ ತೋರದು. ಹಾಗಾದಲ್ಲಿ ಅಂದು ಹನ್ನೆರಡು ಹಳ್ಳಿಗಳಿಗೆ ಹೆಸರು ಕೊಟ್ಟ ಊರೇ ಇಂದೂ ಒಂದು ಹೋಬಳಿಗೆ ಹೆಸರು ಕೊಟ್ಟಿರುವುದು.

ಅಂದಿನ ಜನಸಂಖ್ಯೆಯನ್ನು ಕಲ್ಲು ಹೇಳುವುದಿಲ್ಲ. ಆದರೆ ಜನವನ್ನು ಹೇಳುವುದು. ಚಲ್ಲೇಶ್ವರದ ಮುಂದೆ ಕಲ್ಲನ್ನು ನೆಟ್ಟು, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಬಿಟ್ಟರು. ಒಕ್ಕಲಾಗಲಿ, ನಾಡನ್ನು ಆಳುವವನಾಗಲಿ, ಊರನ್ನು ಆಳುವವನಾಗಲಿ ಆ ಮಣ್ಣನ್ನು ಅಳಿದರೆ ನಾಯಿಯ ಪಾಪವು ತಟ್ಟುವುದು. ಸ್ಥಾನವನ್ನು ಆಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೂ ಅದೇ ಪಾಪವು. ಕೆರೆ, ಗದ್ದೆ, ಶಿವಾಲಯ, ಉಳುವವರು, ಆಳುವವರು, ಶೈವ ತಪಸ್ವಿ — ಇಷ್ಟೂ ಆ ಶಾಪವಾಕ್ಯದಿಂದಲೇ ದೊರೆಯುವುವು. ದಾನಶಾಸನಗಳ ಕೊನೆಯನ್ನು ಓದದೆ ಬಿಡುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಮೈಸೂರು ಸೀಮೆಯಲ್ಲಿ ಕ್ರಮವಾದ ಜನಗಣತಿಯು ನಡೆದುದು 1871ರಲ್ಲಿ. ಮಂಡ್ಯವು ಬೇರೆ ಜಿಲ್ಲೆಯಾದುದು 1939ರಲ್ಲಿ. 2001ರಲ್ಲಿ 17,63,705 ಜನರಿದ್ದ ಈ ಜಿಲ್ಲೆಯಲ್ಲಿ 2011ರಲ್ಲಿ ಇದ್ದವರು 18,05,769. ಅದೇ ಹತ್ತು ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆಯು 65,37,124ರಿಂದ 96,21,551ಕ್ಕೆ ಏರಿತು. ಒಂದು ಕಡೆ ಎರಡೂವರೆಗಿಂತ ಕಡಮೆ, ಇನ್ನೊಂದು ಕಡೆ ನಾಲ್ವತ್ತೇಳು ಶೇಕಡಾ! ಹೆರಿಗೆಗಳ ಇಳಿತವೊಂದರಿಂದಲೇ ಇಷ್ಟು ಅಂತರವಾಗದು. ನೀರಾವರಿಯ ಗದ್ದೆಗಳನ್ನು ಹಿರಿಯರಿಗೆ ಬಿಟ್ಟು ಮಕ್ಕಳು ನಗರವನ್ನು ಸೇರುತ್ತಿರುವುದನ್ನು ಈ ಸೀಮೆಯ ಪ್ರತಿಯೊಂದು ಮನೆಯೂ ಬಲ್ಲುದು.

ಆತಕೂರಿನ ಕಲ್ಲೂ ಊರಿನಲ್ಲಿಲ್ಲ. ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿರುವುದು. ಆ ನಗರದಲ್ಲಿ ನೆಲಸಿರುವ ಆತಗೂರಿನವರು ಒಮ್ಮೆ ಅಲ್ಲಿಗೆ ಹೋದರೆ, ತಮ್ಮ ಊರಿನ ಹೆಸರನ್ನು ಹತ್ತನೆಯ ಶತಮಾನದ ಅಕ್ಷರಗಳಲ್ಲಿ ಕಾಣಬಹುದು.