ಅರಿವೆಗೆ ಸಿಗದ ವಿಷ

ಜೈನ ಶ್ರಾವಕಾಚಾರದಲ್ಲಿ ನೀರು ಸೋಸುವುದು ಮೊದಲಿಗೆ ಅಹಿಂಸೆಯ ವಿಷಯ. 13ನೆಯ ಶತಮಾನದ ಪಂಡಿತ ಆಶಾಧರನ ‘ಸಾಗಾರಧರ್ಮಾಮೃತ’ದಂತಹ ಗ್ರಂಥಗಳು ಜಲಗಾಲನವನ್ನು ಗೃಹಸ್ಥನ ಆಚಾರದಲ್ಲಿ ಸೇರಿಸಿವೆ. ಎರಡು ಪದರವಾಗಿ ಮಡಿಸಿದ ದಟ್ಟ ಅರಿವೆಯಲ್ಲಿ ನೀರನ್ನು ಸೋಸಬೇಕು. ಅರಿವೆಯಲ್ಲಿ ಉಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಅವು ಬಂದ ಬಾವಿಗೇ ಮರಳಿಸಬೇಕು. ಈ ಉಳಿಕೆಗೆ ‘ಜೀವಾಣಿ’ ಎಂದು ಹೆಸರು.

ಆ ಅರಿವೆ ಕುಡಿಯುವವನನ್ನೂ ಕಾಯುತ್ತಿತ್ತು. ನಾರುಹುಣ್ಣಿನ ಹುಳು ಮನುಷ್ಯನ ದೇಹ ಸೇರುತ್ತಿದ್ದುದು ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸೂಕ್ಷ್ಮಜೀವಿಯ ಮೂಲಕ. ದಟ್ಟ ಬಟ್ಟೆ ಅದನ್ನು ತಡೆಯುತ್ತದೆ. 1980ರ ದಶಕದ ನಿರ್ಮೂಲನ ಕಾರ್ಯಕ್ರಮ ಕರ್ನಾಟಕವೂ ಸೇರಿದಂತೆ ಪೀಡಿತ ರಾಜ್ಯಗಳಲ್ಲಿ ಸೋಸುಬಟ್ಟೆ ಹಂಚಿತು. ಮೆಟ್ಟಿಲುಬಾವಿಯ ಬಳಕೆ ಬಿಡಿಸಿ ಕೊಳವೆಬಾವಿಯನ್ನು ಸುರಕ್ಷಿತ ಮೂಲವೆಂದು ಮುಂದಿಟ್ಟಿತು. ದೇಶದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ.

ಹುಳುವಿನ ಮಟ್ಟಿಗೆ ಆ ಮಾತು ನಿಜ. ಆದರೆ ಸೊಕ್ಕೆ ಹೋಬಳಿಯಂತಹ ಕಡೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದು ಈಗ ದಾವಣಗೆರೆಗೆ ಸೇರಿರುವ ಜಗಳೂರು ತಾಲ್ಲೂಕಿನದು ಈ ಹೋಬಳಿ. ಮಳೆ ಕಡಿಮೆ, ನೆಲದಡಿ ಗಟ್ಟಿ ಶಿಲೆ. ತೆರೆದ ಬಾವಿಗಳು ಬತ್ತಿ ಕೊಳವೆಗಳು ಆಳಕ್ಕಿಳಿದಂತೆ, ಕಲ್ಲಿನ ಬಿರುಕುಗಳಲ್ಲಿ ದೀರ್ಘಕಾಲ ನಿಂತು ಫ್ಲೋರೈಡನ್ನು ಕರಗಿಸಿಕೊಂಡ ನೀರು ಮೇಲೆ ಬಂತು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಮಿತಿ. ಬೇರೆ ಮೂಲವಿಲ್ಲದಿದ್ದರೆ 1.5. ಅದನ್ನು ಮೀರಿದ ನೀರನ್ನು ಕುಡಿಯುತ್ತ ಬೆಳೆದ ಮಕ್ಕಳ ಹಲ್ಲಿನಲ್ಲಿ ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ವರ್ಷಗಳ ಬಳಿಕ ಬೆನ್ನು, ಕೀಲುಗಳು ಬಿಗಿಯುತ್ತವೆ. ನೀರು ಮಾತ್ರ ತಿಳಿಯಾಗಿಯೇ ಇರುತ್ತದೆ. ಅರಿವೆಗೆ ಅದು ಸಿಗದು. ಕುದಿಸಿದರೆ ಇನ್ನಷ್ಟು ಸಾಂದ್ರವಾಗುತ್ತದೆ.

ಇದು ತಿಳಿಯದೆ ಆದ ತಪ್ಪೆನ್ನುವಂತಿಲ್ಲ. ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯ ರೋಗಿಗಳ ವಿವರ 1937ರಲ್ಲೇ ಪ್ರಕಟವಾಗಿತ್ತು. ಕೊಳವೆ ಕೊರೆಯುವಾಗ ನೀರು ಎಷ್ಟು ಬಂತೆಂದು ನೋಡಿದಷ್ಟು, ಎಂಥದು ಬಂತೆಂದು ನೋಡಲಿಲ್ಲ.

ನಾಗಪುರದ ವಿಜ್ಞಾನಿಗಳು ಪಟಿಕ, ಸುಣ್ಣಗಳಿಂದ ರೂಪಿಸಿದ ನಳಗೊಂಡ ವಿಧಾನ ಅಗ್ಗದ್ದು. ಆದರೆ ನಿತ್ಯವೂ ಅಳೆದು ಬೆರೆಸಬೇಕು, ತಳದ ಕೆಸರು ತೆಗೆಯಬೇಕು. ಮನೆಯ ಕ್ಯಾಂಡಲ್ ಫಿಲ್ಟರ್ ಫ್ಲೋರೈಡನ್ನು ತೆಗೆಯದು. ಆರ್‌ಒ ಯಂತ್ರ ತೆಗೆಯುತ್ತದೆ. ಆದರೆ ಮನೆಯ ಯಂತ್ರಗಳು ಸಾಮಾನ್ಯವಾಗಿ ಕೊಡುವುದಕ್ಕಿಂತ ಹೆಚ್ಚು ನೀರನ್ನು ಹೊರಚೆಲ್ಲುತ್ತವೆ. ಹಿತ್ತಿಲಿಗೆ ಬಿಟ್ಟ ಆ ನೀರು ಬಂದಾಗಿನದಕ್ಕಿಂತ ಹೆಚ್ಚು ಫ್ಲೋರೈಡ್ ಹೊತ್ತು ನೆಲಕ್ಕಿಳಿಯುತ್ತದೆ. ಇದೂ ಒಂದು ಬಗೆಯ ‘ಜೀವಾಣಿ’ಯೇ, ಜೀವವಿಲ್ಲದ್ದು.

ತುಂಗಭದ್ರೆಯಿಂದ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಈಚಿನದು. ಕೆರೆಯಲ್ಲಿ ನೀರು ನಿಂತರೆ ಸುತ್ತಲಿನ ತೆರೆದ ಬಾವಿಗಳಿಗೆ ಮೇಲ್ಪದರದ ನೀರು ಮರಳಬಹುದು. ಅದನ್ನು ಮೊದಲು ಅರಿವೆಯಲ್ಲಿ ಸೋಸಿ, ಬಳಿಕ ಕುದಿಸಿ ಕುಡಿಯಬೇಕು.