ಔಷಧದ ಚೀಟಿಯಲ್ಲಿ ಹಾಲು, ತರಕಾರಿ

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತದೆ ಕನ್ನಡದ ಹಳೆಯ ಗಾದೆ. ಆದರೆ ಊಟವೇ ಇಲ್ಲದವನ ರೋಗಕ್ಕೆ ಮದ್ದೇನು? ಆ ಮದ್ದಿನ ಖರ್ಚು ಯಾರ ಲೆಕ್ಕಕ್ಕೆ? ಸುಮಾರು ಆರು ದಶಕಗಳ ಹಿಂದೆ ಅಮೆರಿಕದ ಮಿಸಿಸಿಪಿ ರಾಜ್ಯದ ಪುಟ್ಟ ಊರೊಂದರಲ್ಲಿ ಎದ್ದ ಈ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ಮೌಂಡ್ ಬಾಯೂ ಎಂಬ ಆ ಊರನ್ನು 1887ರಲ್ಲಿ ಕಟ್ಟಿದವರು ಗುಲಾಮಗಿರಿಯಿಂದ ಬಿಡುಗಡೆ ಪಡೆದ ಕಪ್ಪು ಜನ. ಸುತ್ತಲೂ ಹತ್ತಿಯ ಹೊಲಗಳು. 1960ರ ದಶಕದ ಹೊತ್ತಿಗೆ ಹತ್ತಿ ಬಿಡಿಸುವ ಯಂತ್ರಗಳೂ ಕಳೆನಾಶಕಗಳೂ ಬಂದು ಕೂಲಿಕಾರರಿಗೆ ಕೆಲಸವಿಲ್ಲದಂತಾಯಿತು. ಬಡವರಿಗೆಂದು ಸರ್ಕಾರದ ‘ಫುಡ್ ಸ್ಟಾಂಪ್’ ಯೋಜನೆಯೇನೋ ಇತ್ತು. ಆದರೆ ಆ ಆಹಾರ ಚೀಟಿಗಳನ್ನು ಅಂದು ಅಷ್ಟಿಷ್ಟು ಹಣ ಕೊಟ್ಟೇ ಕೊಳ್ಳಬೇಕಿತ್ತು. ಕೂಲಿಯೇ ಇಲ್ಲದವನಿಗೆ ಆ ಹಣವಾದರೂ ಎಲ್ಲಿಂದ ಬರಬೇಕು? 1967ರ ಏಪ್ರಿಲ್‌ನಲ್ಲಿ ಸೆನೆಟರ್ ರಾಬರ್ಟ್ ಕೆನಡಿ ಹತ್ತಿರದ ಕ್ಲೀವ್‌ಲ್ಯಾಂಡ್ ಪಟ್ಟಣಕ್ಕೆ ಬಂದು ಹಸಿದ ಮಕ್ಕಳನ್ನು ಕಣ್ಣಾರೆ ಕಂಡ ಮೇಲಷ್ಟೇ ದೇಶದ ಗಮನ ಇತ್ತ ಹರಿಯಿತು.

ಅದೇ ವರ್ಷದ ಕೊನೆಯಲ್ಲಿ ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದ ವೈದ್ಯರಾದ ಜ್ಯಾಕ್ ಗೈಗರ್ ಮತ್ತು ಕೌಂಟ್ ಗಿಬ್ಸನ್, ಕೇಂದ್ರ ಸರ್ಕಾರದ ಬಡತನ ನಿವಾರಣಾ ನಿಧಿಯ ನೆರವಿನಿಂದ ಮೌಂಡ್ ಬಾಯೂವಿನಲ್ಲಿ ಆರೋಗ್ಯ ಕೇಂದ್ರ ತೆರೆದರು. ಅಲ್ಲಿಗೆ ಬಂದ ಮಕ್ಕಳಲ್ಲಿ ಅನೇಕರ ಕಾಯಿಲೆಗಳ ಬುಡದಲ್ಲಿದ್ದುದು ಅಪೌಷ್ಟಿಕತೆ. ಬರಿಯ ಔಷಧದಿಂದ ವಾಸಿಯಾದ ಮಗು ಬರಿದಾದ ಅಡುಗೆಮನೆಗೇ ಮರಳಬೇಕಿತ್ತು. ಹೀಗಾಗಿ ವೈದ್ಯರು ಔಷಧದ ಚೀಟಿಯಲ್ಲಿಯೇ ಹಾಲು, ತರಕಾರಿ, ಮಾಂಸ ಎಂದು ಬರೆಯತೊಡಗಿದರು. ದಿನಸಿ ಅಂಗಡಿಯವರು ಚೀಟಿ ನೋಡಿ ಸಾಮಾನು ಕೊಟ್ಟು ಬಿಲ್ಲನ್ನು ಆರೋಗ್ಯ ಕೇಂದ್ರಕ್ಕೆ ಕಳುಹಿಸುತ್ತಿದ್ದರು. ಕೇಂದ್ರವು ಅದನ್ನು ಔಷಧದ ಬಾಬ್ತಿನಿಂದ ಪಾವತಿ ಮಾಡುತ್ತಿತ್ತು.

ಹಣ ಕೊಡುತ್ತಿದ್ದ ವಾಷಿಂಗ್ಟನ್ನಿನ ಕಚೇರಿ ಆಕ್ಷೇಪಿಸಿತು. ಔಷಧದ ಹಣ ಔಷಧಕ್ಕೆ ಮಾತ್ರ ಎಂಬುದು ಅಧಿಕಾರಿಗಳ ವಾದ. ವೈದ್ಯಗ್ರಂಥಗಳ ಪ್ರಕಾರ ಅಪೌಷ್ಟಿಕತೆಗೆ ಚಿಕಿತ್ಸೆ ಆಹಾರವೇ ಅಲ್ಲವೇ ಎಂಬುದು ಗೈಗರ್ ಅವರ ಉತ್ತರ. ಅದಕ್ಕೆ ಎದುರು ಮಾತು ಬರಲಿಲ್ಲ ಎಂದು ಅವರು ಮುಂದೆ ನೆನೆಯುತ್ತಿದ್ದರು.

ಗೈಗರ್ ಈ ಪಾಠ ಕಲಿತದ್ದು ದಕ್ಷಿಣ ಆಫ್ರಿಕದ ಫೊಲೇಲಾದಲ್ಲಿ. ಅಲ್ಲಿ 1940ರಲ್ಲಿ ಸಿಡ್ನಿ ಮತ್ತು ಎಮಿಲಿ ಕಾರ್ಕ್ ಎಂಬ ವೈದ್ಯ ದಂಪತಿ ಆರೋಗ್ಯ ಕೇಂದ್ರ ಸ್ಥಾಪಿಸಿ, ಚಿಕಿತ್ಸೆಯ ಜೊತೆಗೇ ಜನರಿಂದ ತರಕಾರಿ ತೋಟಗಳನ್ನು ಬೆಳೆಸಿದ್ದರು. ವಿದ್ಯಾರ್ಥಿಯಾಗಿದ್ದ ಗೈಗರ್ 1957ರಲ್ಲಿ ಅದನ್ನು ನೋಡಿದ್ದರು. ಮಿಸಿಸಿಪಿಯಲ್ಲಿಯೂ ಚೀಟಿ ಬರೆದು ಕೈತೊಳೆದುಕೊಳ್ಳಲಿಲ್ಲ. ಜಾನ್ ಹ್ಯಾಚ್ ಎಂಬ ಸಂಘಟಕರ ಪ್ರಯತ್ನದಿಂದ ನೂರಾರು ಕುಟುಂಬಗಳು ಸೇರಿ ಸಹಕಾರಿ ಬೇಸಾಯ ಆರಂಭಿಸಿದವು. ಪರರ ಹೊಲದ ಹತ್ತಿ ಬಿಡಿಸಿದ್ದ ಕೈಗಳು ತಮ್ಮ ಊಟಕ್ಕೆ ತರಕಾರಿ ಬೆಳೆದವು.

ಇಷ್ಟಾದರೂ ಚೀಟಿಯ ಪದ್ಧತಿ ದೇಶದ ಕಾನೂನಾಗಲಿಲ್ಲ. 1965ರಲ್ಲಿ ಬಂದ ‘ಮೆಡಿಕೇಡ್’ ಎಂಬ ಬಡವರ ಆರೋಗ್ಯ ವಿಮೆ ಆಸ್ಪತ್ರೆಯ ಬಿಲ್ಲು ಕೊಡುತ್ತದೆ, ವೈದ್ಯರ ಶುಲ್ಕ ಕೊಡುತ್ತದೆ. ದಿನಸಿಯ ಬಿಲ್ಲನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಕೇಂದ್ರದ ವಿಶೇಷ ಅನುಮತಿ ಪಡೆದ ರಾಜ್ಯಗಳು ಮಾತ್ರ ಪ್ರಯೋಗ ನಡೆಸಬಹುದು. ಹಾಗೆ ನಾರ್ತ್ ಕೆರೋಲಿನಾ ರಾಜ್ಯ 2022ರ ಮಾರ್ಚ್‌ನಿಂದ 33 ಕೌಂಟಿಗಳಲ್ಲಿ ವಿಮೆಯ ಹಣದಿಂದಲೇ ರೋಗಿಗಳ ಮನೆಗೆ ಆಹಾರ ತಲುಪಿಸಿತು. ವಸತಿ, ಸಾರಿಗೆ ನೆರವನ್ನೂ ಒಳಗೊಂಡ ಈ ಯೋಜನೆಯಿಂದ ಒಬ್ಬೊಬ್ಬರ ವೈದ್ಯಕೀಯ ವೆಚ್ಚ ತಿಂಗಳಿಗೆ ಸುಮಾರು 85 ಡಾಲರ್ ತಗ್ಗಿತೆಂದು ಸ್ವತಂತ್ರ ಮೌಲ್ಯಮಾಪನ ಹೇಳಿತು. ಆದರೂ ರಾಜ್ಯದ ಶಾಸನಸಭೆ ಹಣ ಒದಗಿಸದೆ 2025ರ ಜುಲೈನಲ್ಲಿ ಅದು ನಿಂತಿತು.

ಆಹಾರ ಕೊಟ್ಟಲ್ಲೆಲ್ಲ ರೋಗ ಇಳಿಯುತ್ತದೆ ಎನ್ನುವಂತೆಯೂ ಇಲ್ಲ. ಅಮೆರಿಕದಲ್ಲಿಯೇ ಮಧುಮೇಹಿಗಳಿಗೆ ಒಳ್ಳೆಯ ಆಹಾರ ಕೊಟ್ಟು ನಡೆಸಿದ, 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆಹಾರ ಪಡೆದವರ ರಕ್ತದ ಸಕ್ಕರೆ ಪಡೆಯದವರದ್ದಕ್ಕಿಂತ ಹೆಚ್ಚೇನೂ ಇಳಿಯಲಿಲ್ಲ. ಹಸಿವೇ ರೋಗದ ಬೇರಾಗಿರುವ ಕಡೆ ಮಾತು ಬೇರೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡದಲ್ಲಿ ಕ್ಷಯರೋಗಿಗಳ ಮನೆಯವರಿಗೆ ತಲಾ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟು ನೋಡಿದರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇ. 39ರಷ್ಟು ಕಡಿಮೆಯಾಯಿತು. ಈ ಫಲಿತಾಂಶ ಹೊರಬಂದದ್ದೂ 2023ರಲ್ಲಿಯೇ. ಭಾರತ ಸರ್ಕಾರ ಕ್ಷಯರೋಗಿಗಳ ಪೋಷಣೆಗೆಂದು 2018ರಿಂದ ಕೊಡುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರ್‌ನಲ್ಲಿ 1,000ಕ್ಕೆ ಏರಿಸಿತು.

ಮೌಂಡ್ ಬಾಯೂವಿನ ಆರೋಗ್ಯ ಕೇಂದ್ರ ಇಂದಿಗೂ ನಡೆಯುತ್ತಿದೆ. ಗೈಗರ್ 2020ರಲ್ಲಿ ತೀರಿಕೊಂಡರು. ಚೀಟಿಯಲ್ಲಿ ಹಾಲು ಎಂದು ಬರೆಯುವ ಕೆಲಸ ಅಂದೂ ಕಷ್ಟದ್ದಾಗಿರಲಿಲ್ಲ, ಇಂದೂ ಅಲ್ಲ. ಆದರೆ ಬಿಲ್ಲು ತೆರುವ ಖಾತೆ ಮುಚ್ಚಿದ ದಿನ ವೈದ್ಯನ ಕೈಬರಹಕ್ಕೆ ಅಂಗಡಿಯಲ್ಲಿ ಬೆಲೆಯಿಲ್ಲ.