ನೆಲಗಾಳಿ, ಕಡಲಗಾಳಿ ಮತ್ತು ಕಿರುದೋಣಿ

ಇಂದಿನ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಕಡಲಂಚಿನಲ್ಲಿ ಮೀನುಗಾರರ ದಿನಚರಿಯು ಬಹುಕಾಲ ಗಾಳಿಯ ಅಧೀನವಾಗಿದ್ದಿತು. ರಾತ್ರಿಯಲ್ಲಿ ನೆಲವು ನೀರಿಗಿಂತ ಬೇಗನೆ ತಣಿಯುವುದರಿಂದ ಬೆಳಗಿನ ಜಾವದ ಗಾಳಿಯು ಕಡಲ ಕಡೆಗೆ ಬೀಸುವುದು. ಹಗಲೇರಿ ನೆಲವು ಕಾದ ಬಳಿಕ ಅದು ದಡದ ಕಡೆಗೆ ತಿರುಗುವುದು. ಈ ತಿರುವನ್ನೇ ನಂಬಿ ಮೊಗವೀರರೇ ಮೊದಲಾದ ಕಡಲಮಕ್ಕಳು ಅರುಣೋದಯಕ್ಕೆ ಮುನ್ನ ದೋಣಿಗಳನ್ನು ತೆರೆಗೆ ತಳ್ಳಿ, ಹಾಯಿ ಬಿಚ್ಚಿ ಪಡುವಣಕ್ಕೆ ಸಾಗುತ್ತಿದ್ದರು. ಹಕ್ಕಿಗಳು ಎರಗುವ ತಾಣ, ನೀರಿನ ಬಣ್ಣದ ಮಾರ್ಪಾಡು, ಕಗ್ಗತ್ತಲಲ್ಲಿ ಮೀನಿನ ಹಿಂಡು ಅಲುಗಿದಾಗ ಮಿನುಗುವ ನೀರು, ಇವೇ ಅವರಿಗೆ ಕುರುಹುಗಳು. ಬಂಗುಡೆಯೋ ಬೂತಾಯಿಯೋ ಬಲೆಗೆ ಸಿಕ್ಕಿದ ಮೇಲೆ ಅಪರಾಹ್ಣದ ಕಡಲಗಾಳಿಯನ್ನು ಹಿಡಿದು ದಡ ಸೇರುವರು. ಗಾಳಿ ತಡವಾದರೆ ಮೀನು ಕೆಡುವುದು. ಬಿರುಸಾದರೆ ಪ್ರಾಣಕ್ಕೇ ಸಂಚಕಾರ.

ದೋಣಿಯ ರಚನೆಯೂ ಈ ಕಡಲಿಗೆ ತಕ್ಕುದಾಗಿದ್ದಿತು. ಕ್ರಿ. ಶ. 1342ರ ಸುಮಾರಿಗೆ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡ ಯಾತ್ರಿಕ ಇಬ್ನ್ ಬತೂತನು, ಭಾರತದ ನಾವೆಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರೆಂದೂ, ಹಾಗೆ ಹೊಲಿದ ನಾವೆಯು ಬಂಡೆಗೆ ತಾಗಿದರೂ ಬಾಗಿ ತಾಳಿಕೊಳ್ಳುವುದೆಂದೂ ಬರೆದಿರುವನು.

ಹಿಡಿದುದರ ಗತಿಯನ್ನು ಮಾತ್ರ ಬೇರೆ ಶಕ್ತಿಗಳು ನಿರ್ಣಯಿಸತೊಡಗಿದುವು. ಮದರಾಸಿನಲ್ಲಿ 1907ರಲ್ಲಿ ಸ್ಥಾಪಿತವಾದ ಮೀನುಗಾರಿಕೆಯ ಶಾಖೆಯು, ಫ್ರೆಡರಿಕ್ ನಿಕಲ್ಸನ್ನನ ಮುಂದಾಳುತನದಲ್ಲಿ, ಬೂತಾಯಿಯನ್ನು ಬೇಯಿಸಿ ಹಿಂಡಿ ಎಣ್ಣೆಯನ್ನೂ ಗೊಬ್ಬರವನ್ನೂ ಪಡೆಯುವ ಕ್ರಮವನ್ನು ಹರಡಿತು. ಮುಂದೆ 1940ರ ದಶಕದಲ್ಲಿ ಬೂತಾಯಿಯು ವಿರಳವಾಗಲು, 1943ರಲ್ಲಿ ಮದರಾಸು ಸರಕಾರವು ಅದನ್ನು ಹಿಡಿಯುವುದಕ್ಕೆ ನಿರ್ಬಂಧಗಳನ್ನು ವಿಧಿಸಿತು. ಈ ಮೀನಿನ ಏರಿಳಿತಕ್ಕೆ ಮಳೆಗಾಲದ ಕಡಲಿನ ಸ್ಥಿತಿಯೂ ಕಾರಣವೆಂದು ಅನಂತರದ ಸಂಶೋಧನೆಗಳು ತೋರಿಸಿವೆ. ಆದರೆ ಕಡಲು ಅಕ್ಷಯವೆಂಬ ನಂಬುಗೆಯು ಹುಟ್ಟುಗಳ ಕಾಲದಲ್ಲಿಯೇ ಒಮ್ಮೆ ಅಲುಗಿದ್ದುದು ಸ್ಪಷ್ಟ.

ಯಂತ್ರವು ಬಂದುದರಿಂದ ಗಾಳಿಯ ಆಳ್ವಿಕೆ ಮುಗಿಯಿತು. ಊರಿನ ಹತ್ತಾರು ಮಂದಿ ಕೂಡಿ ದಡಕ್ಕೆಳೆದು ಪಾಲು ಹಂಚಿಕೊಳ್ಳುತ್ತಿದ್ದ ರಂಪಣಿ ಬಲೆಯು, 1970ರ ದಶಕದ ಉತ್ತರಾರ್ಧದಲ್ಲಿ ಹಬ್ಬಿದ ಪರ್ಸೀನ್ ಬಲೆಯ ಮುಂದೆ ಕೆಲವೇ ವರ್ಷಗಳಲ್ಲಿ ಕುಗ್ಗಿತು. ದಡಕ್ಕೆ ಬರಬೇಕಾದ ಹಿಂಡು ಹೊರಗಡಲಲ್ಲಿಯೇ ಸೆರೆಯಾಗತೊಡಗಿದಾಗ ಊರಿನ ಪಾಲು ಕರಗಿತು, ಕಲಹವೂ ಹುಟ್ಟಿತು. ಕಡಲಿನಲ್ಲಿ ಮೀನುಗಾರಿಕೆಯನ್ನು ನಿಯಂತ್ರಿಸುವ ಶಾಸನವನ್ನು ಕರ್ನಾಟಕವು 1986ರಲ್ಲಿ ಮಾಡಿತು.

ಮಳೆಗಾಲದಲ್ಲಿ ಹಿಂದೆ ದೋಣಿಗಳನ್ನು ದಡಕ್ಕೇರಿಸಿ, ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಮತ್ತೆ ಇಳಿಯುವ ವಾಡಿಕೆಯಿದ್ದಿತು. ಈಗ ಯಂತ್ರದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನಗಳ ವಿರಾಮವನ್ನು ಸರಕಾರದ ಆಜ್ಞೆಯು ವಿಧಿಸುವುದು. ಅಂದು ಗಾಳಿಯೂ ತೆರೆಯೂ ಬೇಡವೆಂದಾಗ ಯಾರೂ ವಾದಿಸುತ್ತಿರಲಿಲ್ಲ. ಇಂದು ಆ ಮಿತಿಯನ್ನು ಮನುಷ್ಯನು ತಾನೇ ಒಪ್ಪಿ ನಡೆಯಬೇಕಾಗಿದೆ.